ಹಾಸಿಗೆ ಹುಣ್ಣು ಮೊದಲು ಕಾಣುವುದು ಯಾರಿಗೆ?



ಪಾರ್ಶ್ವವಾಯು ಬಡಿದು ಮಲಗಿದ ರೋಗಿಗೆ ಔಷಧ ಎಷ್ಟು ಮುಖ್ಯವೋ ಮಗ್ಗುಲು ಬದಲಿಸುವುದೂ ಅಷ್ಟೇ ಮುಖ್ಯ. ಬಹಳ ಹೊತ್ತು ಅಲುಗಾಡದೆ ಮಲಗಿದ್ದರೆ ಸೊಂಟದ ಹಿಂಭಾಗ, ಹಿಮ್ಮಡಿ ಮೊದಲಾದ ಎಲುಬು ಒತ್ತುವ ಜಾಗಗಳಲ್ಲಿ ಸೂಕ್ಷ್ಮ ರಕ್ತನಾಳಗಳು ಅಮುಕಿಹೋಗುತ್ತವೆ. ರಕ್ತ ಹರಿಯದೆ ಚರ್ಮವೂ ಅದರಡಿಯ ಮಾಂಸವೂ ಸಾಯತೊಡಗುತ್ತವೆ. ಸಾಮಾನ್ಯವಾಗಿ 2 ಗಂಟೆಗೊಮ್ಮೆ ಮಗ್ಗುಲು ಬದಲಿಸುವ ರೂಢಿ ಬಂದಿರುವುದು ಇದಕ್ಕಾಗಿಯೇ.

ಇದು ಒಬ್ಬರ ಕೆಲಸವಲ್ಲ. ಒಬ್ಬರೇ ಎಳೆದರೆ ಬಟ್ಟೆಗೆ ಉಜ್ಜಿ ಚರ್ಮ ಕಿತ್ತುಬರಬಹುದು. ಇಬ್ಬರು ಎರಡೂ ಬದಿ ನಿಂತು, ರೋಗಿಯ ಕೆಳಗೆ ಅಡ್ಡ ಹಾಸಿದ ದುಪ್ಪಟಿ ಹಿಡಿದು ಒಟ್ಟಿಗೆ ಎತ್ತಬೇಕು: ಒಬ್ಬರು ನರ್ಸ್, ಇನ್ನೊಬ್ಬರು ಆಯಾ ಅಥವಾ ವಾರ್ಡ್ ಬಾಯ್.

ಇಂಗ್ಲೆಂಡಿನ ಶುಶ್ರೂಷಕಿ ಡೋರೀನ್ ನಾರ್ಟನ್ ಮತ್ತು ಸಂಗಡಿಗರು 1962ರಲ್ಲಿ, ಯಾವ ರೋಗಿಗೆ ಹುಣ್ಣಾಗುವ ಸಂಭವ ಹೆಚ್ಚೆಂದು ತಿಳಿಯಲು ಅಂಕಗಳ ಪಟ್ಟಿಯೊಂದನ್ನು ಪ್ರಕಟಿಸಿದರು. ದೇಹಸ್ಥಿತಿ, ಮಾನಸಿಕ ಸ್ಥಿತಿ, ಓಡಾಟ, ಕೈಕಾಲು ಆಡಿಸುವ ಶಕ್ತಿ, ಮಲಮೂತ್ರದ ಹಿಡಿತ. ಪ್ರತಿಯೊಂದಕ್ಕೂ 1ರಿಂದ 4 ಅಂಕ, ಒಟ್ಟು 20. 14 ಅಥವಾ ಅದಕ್ಕಿಂತ ಕಡಿಮೆ ಬಂದರೆ ಎಚ್ಚರ!

ವಿಜ್ಞಾನ ಓದಿದ ನನಗೆ ಈ ಲೆಕ್ಕ ಹಿಡಿಸಿತು. ಆದರೆ ಪಟ್ಟಿಯನ್ನು ಇನ್ನೊಮ್ಮೆ ನೋಡಿ. ಅಂಕ ಬರೆಯುವವರು ನರ್ಸ್. ರಾತ್ರಿ ಎಷ್ಟು ಸಲ ಹಾಸಿಗೆ ಒದ್ದೆಯಾಯಿತು, ಮೈ ಒರೆಸುವಾಗ ರೋಗಿ ತಾನಾಗಿ ಕಾಲು ಮಡಿಸಿದರೇ ಇಲ್ಲವೇ ಎಂಬುದು ಗೊತ್ತಿರುವುದು ಆಯಾಗೆ. ಬೆರಳಿನಿಂದ ಒತ್ತಿದರೂ ಮಾಯವಾಗದ ಕೆಂಪು ಹುಣ್ಣಿನ ಮೊದಲ ಸೂಚನೆ. ನಮ್ಮಂಥ ಕಪ್ಪು ಮೈಬಣ್ಣದವರಲ್ಲಿ ಅದೂ ಸರಿಯಾಗಿ ಕಾಣದು. ಆ ಜಾಗ ಬಿಸಿಯಾಗಿದೆಯೇ, ಗಟ್ಟಿಯಾಗಿದೆಯೇ ಎಂದು ಮುಟ್ಟಿಯೇ ತಿಳಿಯಬೇಕು. ಮುಟ್ಟುವ ಕೈ ಹೆಚ್ಚಾಗಿ ಯಾರದು?

ಪಾಳಿ ಬದಲಾಗುವಾಗ ಸಿಸ್ಟರ್‌ಗಳು ಸಿಸ್ಟರ್‌ಗಳಿಗೆ ವರದಿ ಒಪ್ಪಿಸುತ್ತಾರೆ. ಆ ಹೊತ್ತಿಗೆ ಆಯಾ ಬಕೆಟ್ ಹಿಡಿದು ಬಾಗಿಲ ಬಳಿ ನಿಂತಿದ್ದರೆ, ಅವರು ಕಂಡದ್ದು ಕೇಸ್ ಶೀಟಿಗೆ ಏರುವುದೇ ಇಲ್ಲ. 'ಏನಮ್ಮಾ, 6ನೇ ಬೆಡ್‌ನವರ ಬೆನ್ನು ಹೇಗಿದೆ?' ಎಂದು ಕೇಳಲು ಅರ್ಧ ನಿಮಿಷ ಸಾಕು. ನಮ್ಮ ಡಿ ಗ್ರೂಪ್ ನೌಕರರನ್ನು ಹೀಗೆ ಕೇಳುವ ಅಭ್ಯಾಸ ಕಡಿಮೆ ಎಂಬುದು ನನ್ನ ಅನಿಸಿಕೆ. ಕೇಳಿದ ಮೇಲೆ ಬಂದು ನೋಡುವುದೂ ಸಿಸ್ಟರ್ ಹೊಣೆ. ಇಲ್ಲವಾದರೆ ಮರುದಿನ ಆಯಾ ಹೇಳುವುದಿಲ್ಲ.

ಮಗ್ಗುಲು ಬದಲಿಸಿದ ವೇಳೆ ಬರೆಯಲು ಮಂಚದ ತಲೆಕಡೆ ಒಂದು ಹಾಳೆ ತೂಗುಹಾಕಬಹುದು. ಅದರಲ್ಲಿ ಗಡಿಯಾರದ ಚಿತ್ರವಿದ್ದರೆ ಓದುಬರಹ ಬಾರದವರೂ ಎಡ, ಬಲ ಎಂದು ಗುರುತು ಹಾಕಬಲ್ಲರು. ನಿಮ್ಮವರು ಆಸ್ಪತ್ರೆಯಲ್ಲಿ ಹಾಸಿಗೆ ಹಿಡಿದಿದ್ದರೆ, ಅಂಥ ಹಾಳೆ ಇದೆಯೇ ಎಂದು ಸಿಸ್ಟರನ್ನು ಕೇಳಿ. ಕೊನೆಯ ಗುರುತು ಎಷ್ಟು ಗಂಟೆಯದೆಂದೂ ನೋಡಿಕೊಳ್ಳಿ.