ಸರಪಳಿ ತೊಟ್ಟು ನಡೆದ ಮೇಷ್ಟ್ರು



ಸೆರೆಯಲ್ಲಿರುವವರನ್ನು ಬಿಡಿಸುವುದು ಇಸ್ಲಾಮಿನಲ್ಲಿ ಬಹು ದೊಡ್ಡ ಸತ್ಕರ್ಮ. ಬದ್ರ್ ಯುದ್ಧದ ಕೈದಿಗಳಲ್ಲಿ ಹಣವಿಲ್ಲದ, ಆದರೆ ಅಕ್ಷರ ಬಲ್ಲವರು ಮದೀನಾದ ಮಕ್ಕಳಿಗೆ ಓದು ಬರಹ ಕಲಿಸಿ ಬಿಡುಗಡೆ ಪಡೆದರೆಂದು ಸೀರತ್ ಗ್ರಂಥಗಳಲ್ಲಿದೆ. ನಮ್ಮ ಕಾಲದಲ್ಲೂ ಬಿಡುಗಡೆಗಾಗಿ ದುಡಿದ ಒಬ್ಬ ಶಾಲಾ ಶಿಕ್ಷಕರಿದ್ದರು. ಅವರು ದಕ್ಷಿಣ ಅಮೆರಿಕದ ಕೊಲಂಬಿಯಾದ ಗುಸ್ತಾವೊ ಮೊಂಕಾಯೊ.

ಅಲ್ಲಿ 1964ರಿಂದ ಫಾರ್ಕ್ ಎಂಬ ಬಂಡುಕೋರ ಸಂಘಟನೆಗೂ ಸರಕಾರಕ್ಕೂ ಯುದ್ಧ ನಡೆದಿತ್ತು. 1997ರ ಡಿಸೆಂಬರ್‌ನಲ್ಲಿ ಬಂಡುಕೋರರು ಪಟಾಸ್ಕೊಯ್ ಬೆಟ್ಟದ ಸೇನಾ ನೆಲೆಯ ಮೇಲೆ ದಾಳಿ ಮಾಡಿ, ಮೇಷ್ಟ್ರ ಮಗ ಪಾಬ್ಲೊ ಎಮಿಲಿಯೊನನ್ನು ಒತ್ತೆಯಾಳಾಗಿ ಕಾಡಿಗೆ ಒಯ್ದರು. ಜೈಲಿನಲ್ಲಿರುವ ತಮ್ಮವರನ್ನು ಬಿಟ್ಟರೆ ಮಾತ್ರ ಇವರನ್ನು ಬಿಡುತ್ತೇವೆ ಎಂಬುದು ಅವರ ಷರತ್ತು. ವರ್ಷಗಳು ಉರುಳಿದರೂ ಒಪ್ಪಂದ ಕುದುರಲಿಲ್ಲ.

2007ರ ಜೂನ್‌ನಲ್ಲಿ ಮೇಷ್ಟ್ರು ತಮ್ಮ ಮೈಗೆ ಸರಪಳಿ ಬಿಗಿದುಕೊಂಡು ರಾಜಧಾನಿ ಬೊಗೋಟಾಗೆ ಕಾಲ್ನಡಿಗೆಯಲ್ಲಿ ಹೊರಟರು. ಸುಮಾರು ಸಾವಿರ ಕಿ.ಮೀ. ದಾರಿ, 46 ದಿನ. ಊರೂರಿನಲ್ಲಿ ಜನ ಜೊತೆಗೂಡಿದರು. ಅವರ ಬೇಡಿಕೆ ಒಂದೇ: ಬಂದೂಕು ಬೇಡ, ಕುಳಿತು ಮಾತನಾಡಿ.

ಸೇನೆ ನುಗ್ಗಿ ಬಿಡಿಸಬಾರದೇ ಎಂದು ನೀವು ಕೇಳಬಹುದು. 2008ರಲ್ಲಿ ಸೇನೆ ಉಪಾಯದಿಂದ, ರಕ್ತ ಹರಿಯದಂತೆ 15 ಮಂದಿಯನ್ನು ಬಿಡಿಸಿದ್ದು ನಿಜ. ಆದರೆ 2003ರಲ್ಲಿ ಸೇನೆ ಸಮೀಪಿಸುತ್ತಿದ್ದಂತೆ ಬಂಡುಕೋರರು ರಾಜ್ಯಪಾಲ ಗಿಲ್ಲೆರ್ಮೊ ಗವಿರಿಯಾ ಸೇರಿದಂತೆ ಹತ್ತು ಒತ್ತೆಯಾಳುಗಳನ್ನು ಕೊಂದರು. ಗವಿರಿಯಾ ಅಹಿಂಸಾ ಪಾದಯಾತ್ರೆ ನಡೆಸುತ್ತಿದ್ದಾಗಲೇ ಅಪಹೃತರಾದವರು. ಒತ್ತೆಯಾಳುಗಳ ಮನೆಯವರ ಭಯಕ್ಕೆ ಕಾರಣವಿತ್ತು.

ಸೆನೆಟರ್ ಪಿಯೆದಾದ್ ಕೊರ್ದೊಬಾ ಮತ್ತು ಅವರೊಡನೆ ಸೇರಿದ ಲೇಖಕರು, ಚಿಂತಕರು ಬಂಡುಕೋರರಿಗೆ ಬಹಿರಂಗ ಪತ್ರ ಬರೆದು ಸಂವಾದ ಆರಂಭಿಸಿದರು. ದ್ರೋಹಿಗಳೆಂಬ ನಿಂದೆಯನ್ನೂ ಕೇಳಬೇಕಾಯಿತು. ರೆಡ್‌ಕ್ರಾಸ್, ಕ್ರೈಸ್ತ ಧರ್ಮಗುರುಗಳು, ಬ್ರೆಜಿಲ್‌ನ ಹೆಲಿಕಾಪ್ಟರುಗಳು ನೆರವಾದವು. 2010ರ ಮಾರ್ಚ್ 30ರಂದು, 12 ವರ್ಷಗಳ ಬಳಿಕ, ಪಾಬ್ಲೊ ಎಮಿಲಿಯೊ ಬಂದಿಳಿದು ತಂದೆಯ ಸರಪಳಿಯನ್ನು ತನ್ನ ಕೈಯಾರೆ ತೆಗೆದ.

2012ರಲ್ಲಿ ಫಾರ್ಕ್ ತನ್ನ ವಶದಲ್ಲಿದ್ದ ಕೊನೆಯ ಹತ್ತು ಮಂದಿ ಯೋಧರು ಮತ್ತು ಪೊಲೀಸರನ್ನು ಬಿಟ್ಟಿತು. ಅದೇ ವರ್ಷ ಹವಾನಾದಲ್ಲಿ ಮಾತುಕತೆ ಶುರುವಾಯಿತು. 2014ರಲ್ಲಿ ಯುದ್ಧದ 60 ಸಂತ್ರಸ್ತರು ಅಲ್ಲಿಗೆ ಹೋಗಿ ಎರಡೂ ಕಡೆಯವರ ಮುಂದೆ ತಮ್ಮ ನೋವು ಹೇಳಿದರು. 2016ರ ಒಪ್ಪಂದವನ್ನು ಜನಮತಗಣನೆ ಕೂದಲೆಳೆಯಷ್ಟು ಅಂತರದಲ್ಲಿ ತಿರಸ್ಕರಿಸಿತು. ಮಾತು ಅಲ್ಲಿಗೇ ನಿಲ್ಲಲಿಲ್ಲ. ತಿದ್ದಿದ ಒಪ್ಪಂದಕ್ಕೆ ಅದೇ ನವೆಂಬರ್‌ನಲ್ಲಿ ಸಹಿ ಬಿತ್ತು. ಸಂಧಾನವೆಂದರೆ ಅಪರಾಧಕ್ಕೆ ಮಾಫಿಯಲ್ಲ. 2021ರಲ್ಲಿ ವಿಶೇಷ ಶಾಂತಿ ನ್ಯಾಯಾಲಯವು ಅಪಹರಣಗಳಿಗೆ ಫಾರ್ಕ್ ನಾಯಕರನ್ನೇ ಹೊಣೆಯಾಗಿಸಿತು. ಆ ನಾಡಿನಲ್ಲಿ ಬೇರೆ ಸಶಸ್ತ್ರ ಗುಂಪುಗಳ ಹಿಂಸೆ ಇನ್ನೂ ಪೂರ್ತಿ ನಿಂತಿಲ್ಲವೆಂಬುದನ್ನೂ ಮರೆಯಬಾರದು.

ವಿದ್ಯಾರ್ಥಿ ಮಿತ್ರರೇ, ಮೇಷ್ಟ್ರ ಬಳಿ ಅಧಿಕಾರವಿರಲಿಲ್ಲ, ಹಣವಿರಲಿಲ್ಲ. ಮಗ ಬಂದದ್ದು ಅವರು ರಾಜಧಾನಿ ಮುಟ್ಟಿದ ಎರಡೂವರೆ ವರ್ಷಗಳ ನಂತರ. ಅಷ್ಟು ಕಾಲವೂ ಅವರು ಎರಡೂ ಕಡೆಯ ಬಾಗಿಲು ತಟ್ಟುತ್ತಲೇ ಇದ್ದರು. ನಮ್ಮ ಪ್ರವಾದಿಯವರು(ಸ) ಹುದೈಬಿಯಾದಲ್ಲಿ, ಸಂಗಾತಿಗಳಿಗೇ ಕಹಿಯೆನಿಸಿದ ಷರತ್ತುಗಳಿಗೆ ಒಪ್ಪಿ ಸಂಧಿ ಮಾಡಿಕೊಂಡದ್ದನ್ನು ನೀವು ಓದಿದ್ದೀರಿ. ಅದನ್ನು ಪರೀಕ್ಷೆಗಷ್ಟೇ ಓದಬೇಡಿ. ನಿಮ್ಮ ಊರಿನಲ್ಲಿ ಇಬ್ಬರ ನಡುವೆ ಮಾತು ನಿಂತಾಗ ಮೊದಲು ಹೋಗಿ ಬಾಗಿಲು ತಟ್ಟುವವರು ನೀವಾಗಿ. ಆ ಸಹನೆಯನ್ನು ಅಲ್ಲಾಹನು ನಮ್ಮೆಲ್ಲರಿಗೂ ಕರುಣಿಸಲಿ.