ಬೇಲಿ ಹಾಕೋ ಮೊದ್ಲು ಅಳತೆ ಹಾಕಿಸ್ರಿ

ಇವತ್ತಿನ ವಿಷಯ ಕಂಪೌಂಡ್ ಗೋಡೆ. ಜಾಗ ನಮ್ಮದು, ರೊಕ್ಕ ನಮ್ಮದು, ಯಾರನ್ನ ಕೇಳೂದು ಅಂತೀರೇನು? ನೋಡ್ರಿ, ಬೇಲಿಗೆ ಎರಡು ಮಗ್ಗಲು. ಒಳಗಿಂದು ನಿಮ್ಮದು, ಹೊರಗಿಂದು ಬಾಜೂದವರದು, ಇಲ್ಲಾ ರಸ್ತೆದು.

ಮೊದಲು ನಿಮ್ಮ ಜಾಗ ಯಾರ ವ್ಯಾಪ್ತಿಗೆ ಬರುತ್ತದೆ ತಿಳ್ಕೊಳ್ರಿ. ಬೆಳಗಾವಿಯಲ್ಲಿ ಮಹಾನಗರ ಪಾಲಿಕೆ, ಕ್ಯಾಂಪ್ ಪ್ರದೇಶದಲ್ಲಿ ಕಂಟೋನ್ಮೆಂಟ್ ಬೋರ್ಡ್, ಖಾನಾಪುರದಲ್ಲಿ ಪಟ್ಟಣ ಪಂಚಾಯಿತಿ, ಹಳ್ಳಿಯಾದ್ರೆ ಗ್ರಾಮ ಪಂಚಾಯಿತಿ. ಕಾಯ್ದೆಗಳೂ ಬೇರೆ: ಪಾಲಿಕೆಗೆ 1976ರದ್ದು, ಕಂಟೋನ್ಮೆಂಟಿಗೆ 2006ರದ್ದು. ಹಿಂಗಾಗಿ ಗೆಳೆಯನ ಓಣಿಯಲ್ಲಿ ನಡೆದದ್ದು ನಿಮ್ಮಲ್ಲೂ ನಡೀತದ ಅನ್ನಂಗಿಲ್ಲ. ಗೋಡೆ ರಸ್ತೆಗೆ ಹೊಂದಿದ್ರೆ, ಎಷ್ಟು ಎತ್ತರ, ರಸ್ತೆಯಿಂದ ಎಷ್ಟು ದೂರ ಅಂತ ಪಾಯ ತೋಡುವ ಮೊದಲೇ ಅರ್ಜಿ ಕೊಟ್ಟು ಕೇಳ್ರಿ.

ಎರಡನೇದು ಗಡಿ. ಅಜ್ಜನ ಕಾಲದ ಕಳ್ಳಿ ಸಾಲನ್ನೇ ಗಡಿ ಅಂತ ನಂಬಬ್ಯಾಡ್ರಿ. ಹೊಲವಾದ್ರೆ ಉತಾರ ತಗೊಂಡು ಭೂಮಾಪನ ಇಲಾಖೆಯಲ್ಲಿ ಹದ್ದುಬಸ್ತಿಗೆ ಅರ್ಜಿ ಹಾಕ್ರಿ. ಅಳತೆಯ ದಿನ ಬಾಜೂದವರೂ ಇರಲಿ. ಅವರ ಎದುರಿಗೆ ನೆಟ್ಟ ಕಲ್ಲು ಮುಂದಿನ ಕೋರ್ಟ್ ಅಲೆದಾಟ ಉಳಿಸಬಹುದು.

ಖಾನಾಪುರದ ಕಾಡಂಚಿನ ಗೆಳೆಯರಿಗೆ ಇನ್ನೊಂದು ಮಾತು. ಭೀಮಗಡ 2011ರಿಂದ ವನ್ಯಜೀವಿಧಾಮ. ಬೆಳೆ ಉಳಿಸಲು ಬೇಲಿ ಬೇಕೇ ಬೇಕು, ಒಪ್ಪೋಣ. ಸೋಲಾರ್ ಬೇಲಿ ತಡೆದು ತಡೆದು ಝಟಕಾ ಕೊಟ್ಟು ಪ್ರಾಣಿಯನ್ನು ಹಿಂದಕ್ಕೆ ಕಳಿಸುತ್ತದೆ. ಲೈನಿನ ಕರೆಂಟನ್ನೇ ತಂತಿಗೆ ಬಿಟ್ಟರೆ ಕೊಲ್ಲುತ್ತದೆ. ಅದು ಅಪರಾಧ. ಕತ್ತಲಲ್ಲಿ ಆ ತಂತಿ ಮುಟ್ಟೋದು ಆನೆಯೇ ಆಗಬೇಕಂತಿಲ್ಲ, ನೀರು ಬಿಡಾಕ ಹೋದ ನಿಮ್ಮ ಅಣ್ಣನೂ ಆಗಬಹುದು.

ಮನೆಯಲ್ಲಿ ಗೋಡೆ ಮಾತು ನಡೆದಿದ್ರೆ, ಇದನ್ನ ಅಪ್ಪಗೂ ಕೇಳಿಸ್ರಿ.