ಕೊಟ್ಟವರ ಮನೆಗೆ ಮರಳಿ ಹೋಗೋಣ
(ಶತಮಾನೋತ್ಸವದ ಅಂಗವಾಗಿ ಕಾಣಿಕೆ ಸಂಗ್ರಹಕಾರರ ಸಭೆಯಲ್ಲಿ ಮಾಡಿದ ಭಾಷಣ)



ಈ ಉತ್ಸವದ ನಿಮಿತ್ತ ನಮ್ಮ ದೇವಾಲಯದ ಹಳೆಯ ಲೆಕ್ಕದ ಪುಸ್ತಕಗಳನ್ನು ತಿರುವಿ ನೋಡಿದೆವು. ಗೋಡೆಗೆ, ಗಂಟೆಗೆ, ಪೀಠಕ್ಕೆ ಕೊಟ್ಟವರೆಲ್ಲರ ಹೆಸರುಗಳೂ ಅಲ್ಲಿವೆ. ಆದರೆ ಒಮ್ಮೆ ಕಂಡ ಹೆಸರು ಮತ್ತೊಮ್ಮೆ ಕಾಣುವುದು ಅಪರೂಪ. ಜನರ ಔದಾರ್ಯ ಬತ್ತಿತೆಂದು ನಾವು ದೂರುವುದುಂಟು. ದೋಷವು ಕೊಟ್ಟವರದೋ, ಪಡೆದವರದೋ ಎಂದು ವಿಚಾರಿಸುವ ಮುನ್ನ ಫ್ರಾನ್ಸ್ ದೇಶದ ಲಿಯೋನ್ ನಗರದ ತರುಣಿಯೊಬ್ಬಳ ವಿಷಯವನ್ನು ಅರಿಕೆ ಮಾಡಬಯಸುತ್ತೇವೆ.

ಪೌಲಿನ್ ಜಾರಿಕೊ 1799ರಲ್ಲಿ ರೇಷ್ಮೆ ಉದ್ಯಮಿಯ ಮಗಳಾಗಿ ಜನಿಸಿದರು. ಪ್ಯಾರಿಸಿನಲ್ಲಿ ಗುರುವಿದ್ಯಾರ್ಥಿಯಾಗಿದ್ದ ಅಣ್ಣನಿಂದ ಪ್ರೇಷಿತ ಕೇಂದ್ರಗಳ ಬಡತನವನ್ನು ಅರಿತರು. ಶ್ರೀಮಂತರ ಬಾಗಿಲನ್ನಷ್ಟೇ ತಟ್ಟದೆ, ರೇಷ್ಮೆ ಕೆಲಸದ ಬಡ ಹೆಣ್ಣುಮಕ್ಕಳನ್ನೂ ಕೂಡಿಸಿಕೊಂಡರು. ಹತ್ತು ಮಂದಿಗೆ ಒಬ್ಬ ಸಂಗ್ರಹಕಾರ. ಅಂಥ ಹತ್ತು ಗುಂಪುಗಳಿಗೆ ಮತ್ತೊಬ್ಬ ಮುಖಂಡ. ಒಬ್ಬೊಬ್ಬರು ಕೊಡಬೇಕಾದುದು ವಾರಕ್ಕೆ ಒಂದು ಸೂ. ಎಂದರೆ ಫ್ರಾಂಕಿನ ಇಪ್ಪತ್ತರಲ್ಲಿ ಒಂದು ಪಾಲು. ಮೊದಮೊದಲು ಕೂಡಿದ ಹಣ ಪ್ಯಾರಿಸಿನ ವಿದೇಶೀ ಪ್ರೇಷಿತ ಸಂಸ್ಥೆಗೆ ಸಂದಿತು. ನಮ್ಮ ಮೈಸೂರು ಸೀಮೆಯಲ್ಲಿ ದುಡಿದ ಫ್ರೆಂಚ್ ಗುರುಗಳು ಆ ಸಂಸ್ಥೆಯವರೇ. ಈ ಹತ್ತರ ಗುಂಪುಗಳಿಂದಲೇ 1822ರ ಮೇ 3ರಂದು ಧರ್ಮಪ್ರಸಾರ ಸಂಸ್ಥೆ ಮೈದಳೆಯಿತು. ಅಕ್ಟೋಬರಿನ ಪ್ರೇಷಿತ ಭಾನುವಾರ ನಾವು ಹಾಕುವ ಕಾಣಿಕೆ ಇಂದಿಗೂ ಅದಕ್ಕೇ ಸಲ್ಲುತ್ತದೆ.

ಒಂದು ಸೂ ಕೊಡುವುದು ಕಷ್ಟವಲ್ಲ. ವರ್ಷವರ್ಷಕ್ಕೂ ಬಿಡದೆ ಕೊಡುವಂತಾದುದೇ ಸೋಜಿಗ. ಸಂಗ್ರಹಕಾರನಿಗೆ ತನ್ನ ಹತ್ತು ಮಂದಿಯ ಮುಖಪರಿಚಯವಿತ್ತು. ಯಾರ ಮನೆಯಲ್ಲಿ ಕಾಯಿಲೆ, ಯಾರಿಗೆ ಕೆಲಸ ತಪ್ಪಿದೆ ಎಂಬುದು ತಿಳಿಯದೆ ಇರುತ್ತಿರಲಿಲ್ಲ. ಅದಕ್ಕಿಂತ ಮಿಗಿಲಾಗಿ, ದೂರ ದೇಶಗಳ ಗುರುಗಳು ಬರೆದ ಪತ್ರಗಳನ್ನು ಸಂಸ್ಥೆಯು ಪತ್ರಿಕೆಯಾಗಿ ಅಚ್ಚುಹಾಕಿಸಿ, ಹತ್ತು ಮಂದಿಗೆ ಒಂದು ಪ್ರತಿಯಂತೆ ಹಂಚುತ್ತಿತ್ತು. ಅದು ಕೈಯಿಂದ ಕೈಗೆ ಸಾಗುತ್ತಿತ್ತು. ತಾನು ಕೊಟ್ಟ ಸೂ ಎಲ್ಲಿಗೆ ಹೋಯಿತು, ಏನಾಯಿತು ಎಂಬುದು ನೇಯ್ಗೆಯವಳ ಮನೆಗೇ ಬಂದು ಮುಟ್ಟುತ್ತಿತ್ತು.

ಅವರ ಮುಂದಿನ ಬಾಳಿನ ಕಹಿಯನ್ನೂ ಮರೆಮಾಚಬಾರದು. ಕಾರ್ಮಿಕರ ಒಳಿತಿಗೆಂದು ಅವರು ಕೈಗೊಂಡ ಕಬ್ಬಿಣದ ಕಾರ್ಖಾನೆ, ನಂಬಿದವರ ವಂಚನೆಯಿಂದ ಮುಳುಗಿತು. ಹಣ ತೊಡಗಿಸಿದ್ದ ಸಾಮಾನ್ಯ ಜನರ ಸಾಲ ತೀರಿಸಲು ಅವರು ಕಡೆಯವರೆಗೂ ಹೆಣಗಿ, 1862ರಲ್ಲಿ ಕಡುಬಡವರಾಗಿ ತೀರಿಕೊಂಡರು. ಧರ್ಮಸಭೆ ಅವರನ್ನು ಧನ್ಯರೆಂದು ಸಾರಿದ್ದು 2022ರಲ್ಲಿ. ಪರರ ಹಣವನ್ನು ಎಷ್ಟು ಎಚ್ಚರದಿಂದ ಕಾಯಬೇಕೆಂಬುದಕ್ಕೆ ಬೇರೆ ಉದಾಹರಣೆ ಏಕೆ?

ಇನ್ನು ನಮ್ಮ ಮಾತು. ಗಂಟೆಗೋಪುರದ ನಿಧಿಗಾಗಿ ನಾವು ಮನೆಮನೆಗೆ ಹೋದೆವು, ರಶೀದಿ ಹರಿದುಕೊಟ್ಟೆವು, ಬಂದೆವು. ಗೋಪುರ ಮುಗಿದು ಎರಡು ವರ್ಷಗಳ ಬಳಿಕ, ಈ ಉತ್ಸವದ ವಂತಿಗೆಗೆಂದು ಹಾಸಿಗೆ ಹಿಡಿದ ಅಜ್ಜಿಯೊಬ್ಬರ ಮನೆಗೆ ಹೋದಾಗ ಅವರು, “ಗೋಪುರ ಮುಗೀತೇನಪ್ಪಾ?” ಎಂದು ಕೇಳಿದರು. ದಿಂಬಿನ ಕೆಳಗಿನಿಂದ ನಮ್ಮ ಹಳೆಯ ರಶೀದಿಯನ್ನು ತೆಗೆದು ತೋರಿಸಿದರು. ನಮಗೆ ಮಾತೇ ಹೊರಡಲಿಲ್ಲ. ವಂತಿಗೆ ಕೇಳದೆಯೇ ಹಿಂದಿರುಗಿದೆವು.

ಆದ್ದರಿಂದ ನಮ್ಮ ಕೋರಿಕೆ ಇಷ್ಟೆ. ಹತ್ತು ಮನೆಗಳಿಗೆ ಒಬ್ಬರಂತೆ ಹೊಣೆ ಹೊರೋಣ. ಉತ್ಸವದ ಆಯವ್ಯಯದ ಪಟ್ಟಿ ಸಿದ್ಧವಾದೊಡನೆ ಕೊಟ್ಟವರ ಮನೆಗೆ ಒಯ್ದು ಓದಿ ಹೇಳೋಣ. ಆ ದಿನ ರಶೀದಿ ಪುಸ್ತಕವನ್ನು ಯಾರೂ ಕೈಯಲ್ಲಿ ಹಿಡಿಯುವುದು ಬೇಡ. ಆ ಅಜ್ಜಿಯ ಬೀದಿಗೆ ನಾವೇ ಹೋಗುತ್ತೇವೆ. ಉಳಿದ ಬೀದಿಗಳಿಗೆ ಹೆಸರು ಕೊಡುವವರು ಸಭೆ ಮುಗಿದ ಮೇಲೆ ದಯಮಾಡಿ ಇಲ್ಲಿಯೇ ನಿಲ್ಲಬೇಕು.